ಭಂಡಾರ ಹಿಡಿದ ಅಧ್ಯಕ್ಷೆ

ಸಿಂಗನಹಟ್ಟಿಯಲ್ಲಿ ರಾಜರ ಬಗ್ಗೆ ಕೆಟ್ಟ ಮಾತಾಡುವವಳು ಒಬ್ಬಳೇ, ಕೆಳಗಿನ ಓಣಿಯ ಹಾಲವ್ವ. ಉಳಿದವರ ಪಾಲಿಗೆ ರಾಜರೆಂದರೆ ಬೀರಪ್ಪನ ನಂತರದ ದೇವರು. ಯಾವ ರಾಜ ಎಂದು ಕೇಳಿದರೆ ಮಾತ್ರ ಜಗಳ ಹತ್ತುತ್ತದೆ. ಮುಧೋಳದವರು ಎಂದು ಅರ್ಧ ಊರು, ಜಮಖಂಡಿಯವರು ಎಂದು ಇನ್ನರ್ಧ ಊರು. ಇಬ್ಬರೂ ಅಲ್ಲ, ಅದಕ್ಕೂ ಹಿಂದೆ ವಿಜಾಪುರದ ಬಾದಶಹನೇ ಬಂದಿದ್ದ ಎನ್ನುವ ಮುದುಕರೂ ಇದ್ದಾರೆ. ಕತೆಯಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ದೊರೆ ಬೇಟೆಗೆ ಬಂದ. ಬಿಸಿಲಲ್ಲಿ ದಾರಿ ತಪ್ಪಿ, ಬಾಯಾರಿ, ಕುರುಬರ ಹಟ್ಟಿಯ ಮುಂದೆ ನಿಂತ. ಒಬ್ಬ ಮುದುಕಿ ಗಡಿಗೆಯಲ್ಲಿ ಕುರಿಯ ಹಾಲು ಕೊಟ್ಟಳು. ಕುಡಿದು ಮೀಸೆ ಒರೆಸಿಕೊಂಡ ದೊರೆ ತನ್ನ ಬೇಟೆನಾಯಿಯ ಹಗ್ಗ ಬಿಚ್ಚಿ, ಇದು ಓಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗಿನ ನೆಲ ನಿಮ್ಮ ಕುರಿಗೆ ಎಂದ. ನಾಯಿ ಮೊಲದ ಬೆನ್ನು ಹತ್ತಿ ಓಡಿತು, ಹಳ್ಳದ ದಂಡೆಗೆ ಹೋಗಿ ನಿಂತಿತು. ನಲವತ್ತೆರಡು ಎಕರೆ ಗಾಯರಾಣವಾಯಿತು.

ಊರ ದನ-ಕುರಿ ಮೇಯಲು ಬಿಟ್ಟ ಸರ್ಕಾರಿ ನೆಲಕ್ಕೆ ನಮ್ಮ ಕಡೆ ಗಾಯರಾಣ ಎನ್ನುತ್ತಾರೆ. ಒಂದು ಗಡಿಗೆ ಹಾಲಿಗೆ ಅಷ್ಟು ನೆಲ, ಅದೂ ಒಂದೇ ಮಾತಿನಲ್ಲಿ. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಮೂರು ಸಲ ಬೀಳಗಿಗೆ ಹೋಗಿಬರುವ ಜನಕ್ಕೆ ಆ ಕತೆ ಎಷ್ಟು ರುಚಿಸಿರಬೇಡ!

ಈ ಕತೆಯನ್ನು ಊರಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವಳು ಸೋಮವ್ವ. ಆಕೆ ಕೆಟ್ಟದ್ದೂ ಆ ನಂಬಿಕೆಯಿಂದಲೇ.

ಅನಗವಾಡಿ ಆಕೆಯ ತವರು. ಹದಿನೆಂಟು ತುಂಬಿತ್ತೋ ಇಲ್ಲವೋ, ಸಿಂಗನಹಟ್ಟಿಯ ಪರಮಾನಂದನಿಗೆ ಕೊಟ್ಟರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಇನ್ನೂರು ಕುರಿಯ ಮಂದೆಯಲ್ಲಿ ಯಾವುದು ಕೆಮ್ಮಿತು ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು. ದೀಪಾವಳಿ ಕಳೆದ ಮೇಲೆ ಗಂಡನ ಜೊತೆ ಕುರಿ ಹೊಡೆದುಕೊಂಡು ಹೊಳೆದಂಡೆ ಹಿಡಿದು ರಬಕವಿ ಕಡೆಗೆ ಹೋಗುವುದು, ಕಂಡವರ ಹೊಲದಲ್ಲಿ ಮಂದೆ ತರುಬಿ ಗೊಬ್ಬರ ಬೀಳಿಸಿ ಜೋಳ ಪಡೆಯುವುದು, ಮಳೆ ಹಿಡಿಯುವ ಮೊದಲು ಊರಿಗೆ ತಿರುಗುವುದು, ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಗಬ್ಬದ ಕುರಿ, ಕುಂಟುವ ಕುರಿ, ಹಾಲು ಬಿಡದ ಮರಿಗಳು ಮಾತ್ರ ಊರಲ್ಲೇ ಉಳಿಯುತ್ತಿದ್ದವು. ಅವು ಮೇಯುತ್ತಿದ್ದುದು ಗಾಯರಾಣದಲ್ಲಿ. ಅರವತ್ತು ಕುರುಬರ ಮನೆಗಳ ಕುರಿಗೆ ಅದೊಂದೇ ಬಾಣಂತಿಕೋಣೆ. ಅದು ಇಲ್ಲವೆಂದರೆ ಕುರಿ ಸಾಕುವುದೇ ಇಲ್ಲವೆಂದು ಅರ್ಥ.

ಪಂಚಾಯಿತಿಗೆ ಆಕೆಯನ್ನು ನಿಲ್ಲಿಸಿದ್ದು ಓಣಿಯವರೇ, ಹೆಸರಿಗೆ ಒಬ್ಬಳು ಹೆಣ್ಣುಮಗಳು ಬೇಕಿತ್ತು. ಗೆದ್ದಳು. ಎರಡೂವರೆ ವರ್ಷ ಸಭೆಗೆ ಹೋಗಿ ಚಹಾ ಕುಡಿದು ಬಂದಳು. ಎರಡನೆಯ ಅವಧಿಗೆ ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಎಂದು ಬಂದಾಗ ಇಡೀ ಪಂಚಾಯಿತಿಯಲ್ಲಿ ಅದಕ್ಕೆ ಹೊಂದುವವಳು ಸೋಮವ್ವ ಒಬ್ಬಳೇ. ಸುತ್ತಲಿನ ಊರುಗಳಲ್ಲಿ ಅಧ್ಯಕ್ಷೆಯ ಗಂಡ ಎನ್ನುವುದೇ ಒಂದು ಹುದ್ದೆ, ಅವರಿಗೆ ಬೇರೆ ಮೋಟಾರ್ ಸೈಕಲ್, ಬೇರೆ ಶಾಲು. ಪರಮಾನಂದನ ಹತ್ತಿರವೂ ನಾಲ್ಕು ಜನ ಹಾರ ಹಿಡಿದು ಬಂದರು. ಅವನು ಮರಿಯ ಬಾಯಿಗೆ ಔಷಧಿ ಹಾಕುತ್ತಿದ್ದ.

"ನನಗ ಕುರಿ ಬಿಟ್ರ ಏನೂ ತಿಳಿಯಂಗಿಲ್ಲ. ಅಧ್ಯಕ್ಷಿ ಆಗ್ಯಾಳಲ್ಲ, ಆಕಿನ್ನ ಕೇಳ್ರಿ," ಎಂದ.

ಹೀಗೆ ಸೋಮವ್ವನೇ ಅಧಿಕಾರ ಮಾಡುವಂತಾಯಿತು. ಅಧ್ಯಕ್ಷೆಯಾದ ಎಂಟನೆಯ ದಿನ ಮೇಲಿನ ಓಣಿಯ ನಲ್ಲಿಗೆ ನೀರು ನಿಂತಿತು. ಸೋಮವ್ವ ಪಂಪ್ ಆಪರೇಟರನಿಗೆ ಫೋನ್ ಹಚ್ಚಿ, "ನಾ ಅಧ್ಯಕ್ಷಿ ಮಾತಾಡಾಕತ್ತೇನಿ. ಇವತ್ತ ನೀರ ಬರಬೇಕ ನೋಡ," ಎಂದಳು. ಸಂಜೆಗೆ ನೀರು ಬಂತು! ನಿಜವೇನೆಂದರೆ ಮೋಟಾರು ಮಧ್ಯಾಹ್ನವೇ ದುರಸ್ತಿಯಾಗಿ ಬಂದಿತ್ತು, ಆಕೆ ಬಾಯಿ ಬಿಡದಿದ್ದರೂ ನೀರು ಬರುತ್ತಿತ್ತು. ಪಿಡಿಒ ಕಲ್ಮೇಶನಿಗೆ ಇದು ಗೊತ್ತಿತ್ತು. ಒಳ್ಳೆಯ ಮನುಷ್ಯ, ಪಾಪ ಖುಷಿಯಾಗಿದ್ದಾಳೆ ಎಂದು ಸುಮ್ಮನಿದ್ದ. ಅಂದೇ ಹೇಳಿದ್ದರೆ ಒಳ್ಳೆಯದಿತ್ತು. ನಲ್ಲಿಯಿಂದ ಬಿಂದಿಗೆಗೆ ನೀರು ಬೀಳುವುದನ್ನು ನೋಡುತ್ತ ಸೋಮವ್ವನಿಗೆ, ಆಗ ದೊರೆಯ ಬಾಯಲ್ಲಿದ್ದದ್ದು ಈಗ ತನ್ನ ಬಾಯಲ್ಲಿದೆ ಎಂದು ಅನಿಸಿಬಿಟ್ಟಿತು. ಅನಿಸಿದ್ದು ತಪ್ಪೆಂದು ಹೇಗೆ ಅನ್ನುವುದು? ಶಾಲೆಯ ಗೋಡೆಯ ಮೇಲೆ ಪ್ರಜೆಗಳೇ ಪ್ರಭುಗಳು ಎಂದು ಬರೆದದ್ದನ್ನು ಆಕೆಯೂ ಅಕ್ಷರ ಕೂಡಿಸಿ ಓದಿದ್ದಳು.

ಮುಂದೆ ಎರಡು ತಿಂಗಳಿಗೆ ಪಂಚಾಯಿತಿಯ ಬಾಗಿಲಿಗೆ ಒಂದು ನೋಟಿಸು ಅಂಟಿತು. ಗಾಯರಾಣದ ನಲವತ್ತೆರಡು ಎಕರೆಯಲ್ಲಿ ಸೋಲಾರ್ ಘಟಕ ಬರುತ್ತದೆ, ಯಾರದಾದರೂ ತಕರಾರಿದ್ದರೆ ಮೂವತ್ತು ದಿನಗಳೊಳಗೆ ಬರೆದು ಕೊಡತಕ್ಕದ್ದು. ಊರಲ್ಲಿ ಕಬ್ಬಿನವರಿಗೆ ಖುಷಿ. ಅವರ ಪಂಪ್‌ಸೆಟ್ಟಿಗೆ ಹಗಲು ಹೊತ್ತೇ ಕರೆಂಟ್ ಸಿಗುತ್ತದಂತೆ. ಅವರನ್ನು ಬೈದು ಫಲವಿಲ್ಲ, ಹಾವಿಗೆ ಹೆದರುತ್ತ ಕತ್ತಲಲ್ಲಿ ನೀರು ಕಟ್ಟಿ ಸಾಕಾದವರು ಅವರು.

ಸೋಮವ್ವ ನೋಟಿಸನ್ನು ಅಕ್ಷರ ಕೂಡಿಸಿ ಎರಡು ಸಲ ಓದಿದಳು. ಕಲ್ಮೇಶ ಆಕೆಯನ್ನು ಒಳಗೆ ಕರೆದು ಕೂರಿಸಿದ. ಟೇಬಲ್ಲಿನ ಮೇಲೆ ಅರವತ್ತು ಹಾಳೆ ಅಚ್ಚು ಹಾಕಿಟ್ಟಿದ್ದ.

"ಅಧ್ಯಕ್ಷರ, ಇದು ತಕರಾರು ಅರ್ಜಿ. ಮನಿಗೊಂದು. ಹೆಸರು ಬರದು ಸಹಿ ಮಾಡ್ಲಿ, ಬಾರದವರು ಬೆಟ್ಟು ಒತ್ತಲಿ. ಮೂವತ್ತು ದಿನದಾಗ ಜಮಖಂಡಿ ಎಸಿ ಆಫೀಸಿಗೆ ಮುಟ್ಟಿಸಬೇಕ್ರಿ. ಇಷ್ಟು ಮಾಡಿದ್ರ ವಿಚಾರಣಿ ಇಡಲೇಬೇಕಾಗತೈತಿ."

ಸೋಮವ್ವ ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೀರಪ್ಪನ ಗುಡಿಗೆ ಹೋದಳು. ಅರವತ್ತು ಮನೆಯವರೂ ಅಲ್ಲಿ ಸೇರಿದ್ದರು. ಹೆಣ್ಣುಮಕ್ಕಳು ಆಗಲೇ ಅಳುತ್ತಿದ್ದರು. ಸೋಮವ್ವನ ನೆರೆಮನೆಯ ಮುತ್ತವ್ವ ಎದುರು ಬಂದು, "ಯಕ್ಕಾ, ನನ್ನ ಹನ್ನೊಂದು ಕುರಿ ಗಬ್ಬದಾವ. ಎಲ್ಲಿ ಬಿಡ್ಲಿ?" ಎಂದು ಕೈ ಹಿಡಿದಳು. ಪೂಜಾರಿ ಧರೆಪ್ಪ ಊರಿಗೆಲ್ಲ ಹಿರಿಯ. ಸೋಮವ್ವ ಮದುವೆಯಾಗಿ ಬಂದ ದಿನದಿಂದ ಆಕೆಯನ್ನು ತಂಗಿ ಎನ್ನುತ್ತ ಬಂದವನು.

"ತಂಗಿ, ಏನ ಮಾಡೂಣು ಹೇಳವ್ವ. ಕಾಗದ ಕೊಟ್ಟಾರಂತ, ಒತ್ತೂಣೇನು?" ಎಂದ.

ಇಲ್ಲಿ ಒಂದು ಮಾತು ಹೇಳಬೇಕು. ಬೀರಪ್ಪನ ಗುಡಿಯಲ್ಲಿ ಕರಿಕಂಬಳಿ ಹಾಸಿ, ಅದರ ಮೇಲೆ ಕೂತು, ಭಂಡಾರವನ್ನು, ಅಂದರೆ ದೇವರ ಅರಿಷಿಣದ ಪುಡಿಯನ್ನು, ಬೊಗಸೆಯಲ್ಲಿ ಹಿಡಿದು ಆಡಿದ ಮಾತಿಗೆ ಸಾಕ್ಷಿ ಬೇಕಿಲ್ಲ. ಹೆಣ್ಣು ಕೊಡುವ ಮಾತು, ಟಗರಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಅಲ್ಲಿಗೆ ಮುಗಿಯುತ್ತದೆ. ಭಂಡಾರ ಹಿಡಿದ ವಿಷಯಕ್ಕೆ ಇನ್ನೊಂದು ಕಡೆ ಹೋಗಿ ಸಹಿ ಮಾಡಿದರೆ, ಬೆಟ್ಟು ಒತ್ತಿದರೆ, ದೇವರ ಮೇಲೆ ಸಂಶಯ ಪಟ್ಟ ಹಾಗೆ. ಅಂಥ ಕೆಲಸವನ್ನು ಸಿಂಗನಹಟ್ಟಿಯ ಕುರುಬರು ಪ್ರಾಣ ಹೋದರೂ ಮಾಡುವುದಿಲ್ಲ.

ಸೋಮವ್ವನಿಗೆ ಆ ಅಳುವ ಮುಖಗಳನ್ನು ನೋಡಲಾಗಲಿಲ್ಲ. ಅವರನ್ನು ಸಮಾಧಾನ ಮಾಡಬೇಕು, ಈಗಿಂದೀಗಲೇ ಮಾಡಬೇಕು ಎನ್ನಿಸಿತು. ಪ್ರೀತಿಯೂ ಹೌದು, ನಲ್ಲಿನೀರಿನ ಸೊಕ್ಕೂ ಹೌದು, ಎರಡರಲ್ಲಿ ಯಾವುದು ಎಷ್ಟು ಎಂದು ಆಕೆಗೆ ಇಂದಿಗೂ ಬಗೆಹರಿದಿಲ್ಲ. ತಾನೇ ಕಂಬಳಿ ಹಾಸಿದಳು. ಕೂತಳು. ಭಂಡಾರದಲ್ಲಿ ಎರಡೂ ಕೈ ಅದ್ದಿ ಎತ್ತಿದಳು.

"ನಾ ಅಧ್ಯಕ್ಷಿ ಅದೇನಿ. ನಾ ಇರೂತನಕ ಗಾಯರಾಣದ ಒಂದು ಗೇಣು ನೆಲಾನೂ ಹೋಗಂಗಿಲ್ಲ. ಬೀರಪ್ಪನ ಆಣಿ."

ಡೊಳ್ಳು ಬಾರಿಸಿದರು. ಮುತ್ತವ್ವ ಕಣ್ಣೊರೆಸಿಕೊಂಡಳು. ಜನ ಹಗುರಾಗಿ ಮನೆಗೆ ಹೋದರು. ಅರವತ್ತು ಹಾಳೆಗಳು ಸೋಮವ್ವನ ಸೆರಗಿನಲ್ಲೇ ಉಳಿದವು, ಅಲ್ಲಿಂದ ಮನೆಯ ಟ್ರಂಕಿಗೆ ಹೋದವು.

ಸುಮ್ಮನೆ ಕೂತಳು ಎನ್ನುವ ಹಾಗೂ ಇಲ್ಲ. ಮರುವಾರವೇ ಸಭೆ ಕರೆದು, ಗಾಯರಾಣ ಕೊಡಕೂಡದು ಎಂದು ಠರಾವು ಮಾಡಿಸಿ, ತಾನೇ ವಂಕ ವಂಕ ಸಹಿ ಹಾಕಿ ಜಮಖಂಡಿಗೆ ಕಳಿಸಿದಳು. ಕಲ್ಮೇಶನಿಗೆ ಕಳವಳ.

"ಅಧ್ಯಕ್ಷರ, ಠರಾವು ಬ್ಯಾರೆ, ತಕರಾರು ಬ್ಯಾರೆ ರೀ. ಜನರ ಅರ್ಜಿ ಬೇಕು. ಇನ್ನೂ ಹದಿನೆಂಟು ದಿನ ಅದಾವ."

"ಭಂಡಾರ ಹಿಡದ ಮ್ಯಾಲ ಕಾಗದಕ್ಕ ಬೆಟ್ಟು ಒತ್ತಿದ್ರ ದೇವರನ್ನ ಸುಳ್ಳ ಮಾಡಿದಂಗ ಆಗತೈತಿ, ಕಲ್ಮೇಶಪ್ಪ."

"ದೇವರಿಗೆ ಗೊತ್ತಾಗತೈತ್ರಿ. ಆಫೀಸಿಗೆ ಗೊತ್ತಾಗಂಗಿಲ್ಲ."

ಅವನು ಒಂದು ದಿನ ತಾನೇ ಓಣಿಗೆ ಹೋಗಿ ಮನೆಮನೆಯಲ್ಲಿ ಕೇಳಿದ. ಅಧ್ಯಕ್ಷಿ ಭಂಡಾರ ಹಿಡದಾಳ, ನಾವು ಒತ್ತಂಗಿಲ್ಲ ಎಂದೇ ಅರವತ್ತೂ ಮನೆಯ ಉತ್ತರ. ಮೂವತ್ತು ದಿನ ಕಳೆದುಹೋದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಲವತ್ತನೆಯ ದಿನ ಜೀಪು ಬಂತು. ಇಳಿದವರು ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋದರು. ಮರಿಗಳು ಹಸಿಬಣ್ಣ ಮೂಸಿ ಮೂತಿ ಕೆಂಪು ಮಾಡಿಕೊಂಡು ಹಟ್ಟಿಗೆ ಬಂದವು. ಸೋಮವ್ವ ಅಂದು ಊಟ ಮಾಡಲಿಲ್ಲ. ಮರುದಿನ ಮೊದಲ ಬಸ್ಸಿಗೆ ಜಮಖಂಡಿಗೆ ಹೋದಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಜಮಖಂಡಿಯ ಗುಡ್ಡದ ಮೇಲೆ ಅರಮನೆ ಇದೆ. ಅದರೊಳಗೆ ಒಬ್ಬ ರಾಜ ಇಂದೂ ಇದ್ದಿದ್ದರೆ, ಹೋಗಿ ಕಾಲಿಗೆ ಬೀಳುತ್ತಿದ್ದೆ. ಅವನು ಹೂಂ ಅಂದರೆ ಬದುಕು, ಊಹೂಂ ಅಂದರೆ ಸಾವು, ಎರಡರಲ್ಲಿ ಒಂದು ಆಗಿಹೋಗುತ್ತಿತ್ತು. ಯಾರ ಕಾಲಿಗೆ ಬೀಳಬೇಕು ಎನ್ನುವುದಾದರೂ ಗೊತ್ತಿರುತ್ತಿತ್ತಲ್ಲ.

ದೊಡ್ಡ ಕಚೇರಿಯಲ್ಲಿ ಮೂರು ತಾಸು ಕಾದ ಮೇಲೆ ಒಳಗೆ ಕರೆದರು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಕ್ಷಿಣದ ಕಡೆಯವಳು. ಕೂರಿಸಿ, ನೀರು ತರಿಸಿ, ಫೈಲು ತೆಗೆದು ಸಾವಧಾನವಾಗಿ ನೋಡಿದಳು.

"ನಿಮ್ಮ ಪಂಚಾಯಿತಿಯ ಠರಾವು ಬಂದಿದೆ. ಅಭಿಪ್ರಾಯ ಎಂದು ದಾಖಲಿಸಿದ್ದೇವೆ. ಆದರೆ ಜಮೀನು ಸರ್ಕಾರದ್ದು. ಕುರಿ ಮೇಯಿಸುವವರಿಂದ ಒಂದೇ ಒಂದು ತಕರಾರು ಬಂದಿಲ್ಲವಲ್ಲ. ಬಂದಿದ್ದರೆ ನಾನೇ ಸ್ಥಳಕ್ಕೆ ಬಂದು ನೋಡುತ್ತಿದ್ದೆ. ಯಾಕೆ ಯಾರೂ ಕೊಡಲಿಲ್ಲ?"

"ನಾ ಬ್ಯಾಡ ಅಂದಿದ್ದೆರಿ. ನಾ ಭಂಡಾರ ಹಿಡದಿದ್ದೆ."

ಮೇಡಂಗೆ ಅರ್ಥವಾಗಲಿಲ್ಲ. ಗುಮಾಸ್ತ ಬಗ್ಗಿ ಏನೋ ವಿವರಿಸಿದ. ಮೇಡಂ ಫೈಲು ಮುಚ್ಚಿದಳು.

"ಮೇಡಮ್ಮಾರ, ನೀವು ಒಂದು ಮಾತು ಹೇಳ್ರಿ. ನಿಲ್ಲತೈತಿ."

"ನನ್ನ ಒಂದು ಮಾತಿಗೆ ಏನೂ ನಿಲ್ಲುವುದಿಲ್ಲಮ್ಮ. ನನ್ನ ಮೇಲೆ ಜಿಲ್ಲಾಧಿಕಾರಿಗಳಿದ್ದಾರೆ. ಅವರ ಮೇಲೆ ಸರ್ಕಾರ, ಸರ್ಕಾರದ ಮೇಲೆ ಕಾನೂನು."

"ಎಲ್ಲಾರಕಿಂತ ಮ್ಯಾಲ ಯಾರ ಅದಾರ್ರಿ? ಅವರ ಕಡೆನ ಹೋಗತೇನಿ."

"ಎಲ್ಲರಿಗಿಂತ ಮೇಲೆ ಜನ," ಎಂದಳು ಮೇಡಂ, ಪುಸ್ತಕದಲ್ಲಿ ಓದಿದ್ದನ್ನು ನಂಬಿದವರ ದನಿಯಲ್ಲಿ.

"ಜನಾನ ಬಂದು ನಿಮ್ಮ ಮುಂದ ಕುಂತೈತಲ್ರೀ!"

ಮೇಡಂ ಎದ್ದು ನಿಂತಳು. ವಕೀಲರನ್ನು ನೋಡಿ ಎಂದು ಮಾತ್ರ ಹೇಳಿದಳು, ಬಾಗಿಲವರೆಗೆ ಬಂದು ಕಳಿಸಿದಳು. ಬೈದು ಹೊರಗೆ ಹಾಕಿದ್ದರೆ ಸೋಮವ್ವನಿಗೆ ಊರಿಗೆ ಹೋಗಿ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ವಕೀಲ ಗೌರೀಶನ ಕೋಣೆ ಕೋರ್ಟಿನ ಎದುರಿಗೇ ಇತ್ತು. ಅವನು ಕೇಳಿದ್ದು ಎರಡೇ ಪ್ರಶ್ನೆ. ಅವಧಿಯೊಳಗೆ ತಕರಾರು ಹಾಕೀರೇನು? ಇಲ್ಲ. ಅರವತ್ತು ಮನೆಯಲ್ಲಿ ಒಬ್ಬರಾದರೂ? ಒಬ್ಬರೂ ಇಲ್ಲ. ಅವನು ಪೆನ್ನಿನ ಟೋಪಿ ಹಾಕಿದ.

"ಭಂಡಾರ ಹಿಡದಿದ್ವಿ, ಅದಕ್ಕ ತಡಾ ಆತು ಅಂತ ಕೋರ್ಟಿಗೆ ನಾ ಹೆಂಗ ಬರೀಲವ್ವಾ? ಅರ್ಜಿ ಹಾಕೂಣು, ಹಾಕಬಾರದ ಅಂತೇನಿಲ್ಲ. ಆದ್ರ ಆಸೆ ಇಟಗೋಬ್ಯಾಡ್ರಿ."

ಅರ್ಜಿ ಹಾಕಿದರು. ಮೊದಲ ದಿನವೇ ವಜಾ ಆಯಿತು. ಮುಧೋಳಕ್ಕೆ ಹೋಗಿ ಪಕ್ಷದವರನ್ನು ಕಂಡಳು. ಅವರು ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ಮೇಲಿನವರಿಗೆ ಹೇಳುತ್ತೇವೆ ಎಂದರು. ಬನಹಟ್ಟಿಯಲ್ಲಿ ಒಬ್ಬ ಮುಖಂಡರಿದ್ದಾರೆಂದು ಅಲ್ಲಿಗೂ ಹೋದಳು. ಅಲ್ಲಿ ಇನ್ನೊಂದು ಶಾಲು ಸಿಕ್ಕಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ಆಕೆಗೆ ಹತ್ತಲಿಲ್ಲ. ಎಲ್ಲರೂ ತಮ್ಮ ಮೇಲಿನವರನ್ನು ತೋರಿಸುವವರೇ. ಬಸ್ಸಿನಲ್ಲಿ ಕಿಟಕಿಯ ಕಂಬಿಗೆ ಹಣೆ ಹಚ್ಚಿಕೊಂಡು, ಪಕ್ಕದವರಿಗೆ ಕಾಣದ ಹಾಗೆ ಅತ್ತಳು.

ಹಾಲವ್ವ ಆಕೆಯನ್ನು ಕರೆದದ್ದು ಅದೇ ದಿನ, ಬಸ್ಸು ಇಳಿದು ಕೆಳಗಿನ ಓಣಿಯಲ್ಲಿ ಹೊರಟಾಗ. ಎಂಬತ್ತು ದಾಟಿದ ಮುದುಕಿ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬಾ ಬೇ ಸೋಮವ್ವ, ಕುಂಡರ. ರಾಜ ಇದ್ದಿದ್ರ ಹಿಂಗ ಆಗತಿದ್ದಿಲ್ಲ ಅಂತ ಅಂದ್ಕೋತ ತಿರಗಾಕತ್ತಿ ಅಂತಲ್ಲ."

"ಖರೆ ಅಲ್ಲೇನ ಆಯಿ?"

"ನಾಯಿ ಓಡಿದ ನೆಲ ಖಾಲಿ ಇತ್ತು ಅಂತ ನಿನಗ ಯಾರ ಹೇಳ್ಯಾರ?"

ಸೋಮವ್ವ ಮುದುಕಿಯ ಮುಖ ನೋಡಿದಳು. ಹಾಲವ್ವ ಶೇಂಗಾದಿಂದ ಕಣ್ಣು ಎತ್ತಲಿಲ್ಲ.

"ನಮ್ಮ ಮುತ್ತ್ಯಾನ ಮುತ್ತ್ಯಾ ಅಲ್ಲಿ ಜ್ವಾಳ ಬಿತ್ತಿದ್ದನಂತ. ತೆನಿ ಕಟ್ಟಿತ್ತು. ನಾಯಿ ಅದರ ನಡಬರಕನ ಓಡಿತು. ಸಂಜಿಗೆ ನಿಮ್ಮ ಕುರಿ ಬಿಟ್ರು. ತೆನಿ ತಿಂದು ಮುಗಸೂತನಕ ನಮ್ಮವರು ಹಳ್ಳದ ಆಚಿಗೆ ನಿಂತು ನೋಡಿದರಂತ. ನಿಮ್ಮ ಮಂದಿ ಹಾಲಿನ ಕತಿ ಹೇಳತೈತಿ. ಜ್ವಾಳದ ಕತಿ ನಮ್ಮ ಮನ್ಯಾಗಷ್ಟ ಉಳದೈತಿ."

"ತಕರಾರ ಮಾಡಲಿಲ್ಲೇನ ಆಯಿ ಅವರು?"

"ಯಾರ ಮುಂದ ಮಾಡೂದು? ಕೊಟ್ಟಾಂವಾನೂ ದೊರಿ, ಕಸಗೊಂಡಾಂವಾನೂ ದೊರಿ. ನಿಮಗ ಮೂವತ್ತು ದಿನಾರ ಕೊಟ್ರು. ನಮಗ ಕೊಟ್ಟದ್ದು ಒಂದ ನಾಯಿ ಓಡೂವಷ್ಟ ಹೊತ್ತು."

ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಹಿಡಿ ಶೇಂಗಾ ತೆಗೆದು ಸೋಮವ್ವನ ಉಡಿಗೆ ಹಾಕಿ, ತಿನ್ನು, ಮುಖ ಬಾಡೈತಿ ಎಂದಳು. ಸೋಮವ್ವ ಶೇಂಗಾವನ್ನು ಉಡಿಯಲ್ಲೇ ಕಟ್ಟಿಕೊಂಡು ಎದ್ದಳು. ರಾಜನಾದರೂ ನ್ಯಾಯವಂತನಿದ್ದ ಎನ್ನುವ ಒಂದು ಊರುಗೋಲಿತ್ತು, ಅದೂ ಮುರಿದುಹೋಯಿತು. ಮನೆಯವರೆಗೆ ನಡೆದು ಹೋಗುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಈಗಿನ ಕಾಲದಲ್ಲಿ ಯಾರಿಗೂ ಒಂದೇ ಮಾತಿನಲ್ಲಿ ನೆಲ ಕೊಡಲಿಕ್ಕೆ ಬರುವುದಿಲ್ಲ, ಕಸಿಯಲಿಕ್ಕೂ ಬರುವುದಿಲ್ಲ. ಆದರೆ ಅರವತ್ತು ಮನೆಗಳ ಮೂವತ್ತು ದಿನಗಳನ್ನು ಒಬ್ಬರು ಒಂದೇ ಮಾತಿನಲ್ಲಿ ಕಸಿದುಕೊಂಡಿದ್ದರು. ಆ ದೊರೆ ತಾನೇ. ಸರ್ಕಾರ ಕೇಳಿತ್ತು, ಏನಾದರೂ ಹೇಳುವುದಿದೆಯೇ ಎಂದು. ಅರವತ್ತು ಬಾಯಿಗಳ ಮೇಲೆ ಕೈಯಿಟ್ಟವಳು ತಾನು.

ಹದಿನೈದು ದಿನದಲ್ಲಿ ತಂತಿಬೇಲಿ ಬಂತು. ಮೊದಲ ವಾರ ಕುರಿಗಳು ಅಭ್ಯಾಸಬಲದಿಂದ ಅಲ್ಲಿಗೇ ಹೋಗಿ ತಂತಿಗೆ ಮೂತಿ ಹಚ್ಚಿ ನಿಂತವು. ಮುತ್ತವ್ವ ಗಬ್ಬದ ಕುರಿಗಳನ್ನು ರಸ್ತೆಯ ಬದಿಗೆ ಮೇಯಿಸಲು ಹೋಗಿ ಎರಡನ್ನು ಕಬ್ಬಿನ ಟ್ರ್ಯಾಕ್ಟರಿಗೆ ಕಳೆದುಕೊಂಡಳು. ಮನೆಗಳು ಒಂದೊಂದಾಗಿ ಕೆರೂರ ಸಂತೆಗೆ ಕುರಿ ಹೊಡೆದವು. ಅರವತ್ತೂ ಮನೆಯವರು ಒಮ್ಮೆಲೇ ಮಾರಲು ಬಂದರೆ ದರ ಎಲ್ಲಿಯದು? ಪರಮಾನಂದ ಕೊನೆಯವರೆಗೂ ತಡೆದ. ಒಂದು ಬೆಳಿಗ್ಗೆ ಎದ್ದು ಮಂದೆಯನ್ನು ಎರಡು ಭಾಗ ಮಾಡಿದ, ದಾರಿ ನಡೆಯಬಲ್ಲವು ಒಂದು ಕಡೆ, ನಡೆಯಲಾರದವು ಒಂದು ಕಡೆ. ನಡೆಯಲಾರದವನ್ನು ಟೆಂಪೋಗೆ ಏರಿಸಿದ. ಹಾಲು ಬಿಡದ ಮರಿಗಳನ್ನೂ ಏರಿಸಿದ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಬೈಯಬಾರದೇ ಎಂದು ಆಕೆ ಬಾಗಿಲಲ್ಲಿ ನಿಂತು ಕಾದಳು. ಅವನು ಹಗ್ಗ ಬಿಗಿದು ಟೆಂಪೋದ ಹಿಂದೆ ಕುರಿಗಳ ನಡುವೆಯೇ ಹತ್ತಿ ಕೂತ.

ಊರಲ್ಲಿಯೂ ಯಾರೂ ಬೈಯಲಿಲ್ಲ. ಅದೇ ಸೋಮವ್ವನಿಗೆ ತಡೆಯಲಾಗದ್ದು. ನನ್ನ ರಾಜೀನಾಮೆ ಬರೆದುಕೊಡು ಎಂದು ಕಲ್ಮೇಶನನ್ನು ಕೇಳಿದಳು. ನೀವು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ, ನೆಲ ಬರುವುದಿಲ್ಲ ಎಂದ ಅವನು. ಕಡೆಗೆ ಆಕೆಗೆ ಉಳಿದದ್ದು ಬೀರಪ್ಪನ ಗುಡಿಯೊಂದೇ.

ಭಂಡಾರ ಹಿಡಿದ ಮಾತಿಗೆ ತಪ್ಪಿದವರಿಗೆ ಅಲ್ಲಿ ದಂಡವಿದೆ. ಐದು ಐತವಾರ ಗುಡಿಯ ಹೊರಗೆ ಬರಿನೆಲದ ಮೇಲೆ ಕೂರಬೇಕು, ಅವರನ್ನು ಯಾರೂ ಮಾತಾಡಿಸಕೂಡದು. ಆರನೆಯ ಐತವಾರ ಪೂಜಾರಿ ಹೊರಗೆ ಬಂದು ಹಣೆಗೆ ಭಂಡಾರ ಹಚ್ಚಿ, ಹೆಸರು ಹಿಡಿದು ಒಳಗೆ ಕರೆಯುತ್ತಾನೆ. ಹಾಗೆ ಒಳಗೆ ಬಂದವರ ತಪ್ಪನ್ನು ಮುಂದೆ ಯಾರೂ ಎತ್ತಿ ಆಡುವಂತಿಲ್ಲ. ಟಗರಿನ ವ್ಯಾಜ್ಯದಲ್ಲಿ ಸುಳ್ಳು ಹೇಳಿದ್ದ ಗುರಪ್ಪ ಹಾಗೇ ಕೂತು ಎದ್ದವನು. ಈಗ ಅವನೇ ಡೊಳ್ಳಿನ ಮೇಳದ ಮುಂದಾಳು.

ಸೋಮವ್ವ ಧರೆಪ್ಪನ ಮುಂದೆ ಕೈಮುಗಿದು ನಿಂತಳು.

"ಅಣ್ಣಾ, ಮಾತ ತಪ್ಪೇನಿ. ದಂಡ ಹಾಕ. ನನ್ನ ಹೊರಗ ಕುಂಡ್ರಸ."

ಧರೆಪ್ಪ ಗಡಬಡಿಸಿ ಎದ್ದು ನಿಂತ.

"ಏ, ಏನಂತೀರಿ ಅಧ್ಯಕ್ಷರ? ನಿಮ್ಮನ್ನ ಹೊರಗ ಕುಂಡ್ರಸಾಕ ಆಗತೈತೇನ್ರಿ?"

"ಅಧ್ಯಕ್ಷಿ ಅನಬ್ಯಾಡ ಅಣ್ಣಾ. ನಾ ನಿನ್ನ ತಂಗಿ ಸೋಮವ್ವ. ನಾ ಭಂಡಾರ ಹಿಡದ ಹೇಳಿದ್ದೆ, ನೆಲ ಹೋತು. ದಂಡ ಹಾಕಾಕಬೇಕ."

"ಅದನ್ಯಾಕ ಮನಸಿಗೆ ಹಚಗೋತೀರ್ರಿ? ಇಲೆಕ್ಷನ್ ಗೆದ್ದವರು ಹೇಳತಿರತಾರ. ಆದ್ರ ಆತು, ಇಲ್ಲಂದ್ರ ಇಲ್ಲ. ಅದಕ್ಕೆಲ್ಲಾ ದಂಡ ಹಾಕೋತ ಕುಂತ್ರ ಹೆಂಗ? ತಪ್ಪು ನಮ್ದ ಬಿಡ್ರಿ. ಅಧ್ಯಕ್ಷರ ಮಾತನ್ನ ಭಂಡಾರದ ಮಾತು ಅಂತ ತಿಳಕೊಂಡ್ವಿ."

ಅವನ ಮಾತಿನಲ್ಲಿ ಚುಚ್ಚು ಇದ್ದಿದ್ದರೆ ಸೋಮವ್ವ ತಡೆದುಕೊಳ್ಳುತ್ತಿದ್ದಳು. ಇರಲಿಲ್ಲ. ದೊಡ್ಡವರು ಗುಡಿಗೆ ಬಂದಾಗ ಮಾಡುವ ಹಾಗೆ ಅವನು ಆಕೆಯ ಕೈಗೆ ತೆಂಗಿನಕಾಯಿ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದ. ಮೂವತ್ತು ವರ್ಷ ತಂಗಿಯಾಗಿದ್ದವಳು ಒಂದು ಗಳಿಗೆಯಲ್ಲಿ ಅಧ್ಯಕ್ಷರಾಗಿಬಿಟ್ಟಿದ್ದಳು.

ಐತವಾರ ಬಂತು. ಯಾರೂ ಹೇಳದಿದ್ದರೂ ಸೋಮವ್ವ ಹೋಗಿ ಗುಡಿಯ ಹೊರಗೆ ಬರಿನೆಲದ ಮೇಲೆ ಕೂತಳು. ಬಂದವರೆಲ್ಲ ನಿಂತು ಮಾತಾಡಿಸಿದರು. ನಮಸ್ಕಾರ ಅಧ್ಯಕ್ಷರ, ಇಲ್ಲಿ ಯಾಕ ಕುಂತೀರಿ, ಒಳಗ ಬರ್ರಿ. ಮಾತಾಡಿಸಬೇಡಿ ಎಂದು ಆಕೆ ಕೈಮುಗಿದಳು. ನಮಸ್ಕಾರ ಮಾಡಿದಳೆಂದು ತಿಳಿದು ಅವರೂ ತಿರುಗಿ ಕೈಮುಗಿದು ಒಳಗೆ ಹೋದರು. ಮುತ್ತವ್ವ ಓಡಿಹೋಗಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದಳು. ಸೆರಗಿನಿಂದ ಅದರ ಧೂಳು ಒರೆಸಿದಳು.

"ನೆಲದ ಮ್ಯಾಲ ಬ್ಯಾಡ್ರಿ. ಮಂದಿ ಏನ ಅಂತಾರ?"

"ಮುತ್ತವ್ವ, ನೀನೂ ನನಗ ಯಕ್ಕಾ ಅನ್ನಂಗಿಲ್ಲೇನ ಬೇ?"

ಮುತ್ತವ್ವ ನಾಚಿ ನಕ್ಕಳು, ಕುರ್ಚಿಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಸೋಮವ್ವ ಐದು ಐತವಾರ ಕೂತಳು. ಆರನೆಯ ಐತವಾರ ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಬೆಳಗಾಗುವ ಮೊದಲೇ ಬಂದಳು. ಪೂಜೆ ಮುಗಿಸಿ ಧರೆಪ್ಪ ಭಂಡಾರದ ಬಟ್ಟಲು ಹಿಡಿದು ಹೊರಗೆ ಬಂದ. ಆಕೆ ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿದಳು.

"ಬಿಸಿಲಿಗೆ ಕುಂಡ್ರಬ್ಯಾಡ್ರಿ ಅಧ್ಯಕ್ಷರ, ಬಾಗಲಾ ತೆರದ ಐತಿ," ಎಂದು ಅವನು ಮುಂದೆ ಹೋದ.

ಹೊರಗೆ ಹಾಕದವಳನ್ನು ಹೆಸರು ಹಿಡಿದು ಒಳಗೆ ಕರೆಯುವುದು ಅವನಿಗೆ ಹೊಳೆಯಲೇ ಇಲ್ಲ. ಏಳನೆಯ ಐತವಾರವೂ ಸೋಮವ್ವ ಹೋಗಿ ಅಲ್ಲೇ ಕೂತಳು.